ಹತ್ತು

ವಿರಾಜಪೇಟೆಯ ಕಾಲೇಜಿನ ಹಿಂದಿನ ಕೋಣೆಯಲ್ಲಿ
ಬೆಳಗ್ಗೆ ಎಂಟಕ್ಕೇ ರವೆ, ಬೆಲ್ಲ ಕುದಿಸುತ್ತೇನೆ.
ಯಾರಿಗೆ ಪಾಯಸ ಬಾಚಮ್ಮ, ಎಂದು ಗುಮಾಸ್ತರು.
ನೊಣಕ್ಕೆ, ಎನ್ನುತ್ತೇನೆ.
ನಗುತ್ತಾರೆ. ನಗಲಿ.
ಸೀಸೆ ತೊಳೆದು, ಹತ್ತಿಯ ಬಿರಡೆ ಕಟ್ಟಿ
ಅವಕ್ಕೆ ಬೆಚ್ಚಗೆ ಬಲ್ಬು ಹಚ್ಚುತ್ತೇನೆ,
ನನಗೆ ಸ್ವೆಟರು.

ನಮ್ಮದೇ ಕಿತ್ತಳೆ ಬುಟ್ಟಿಯಿಂದ ಎದ್ದು ಬಂದವು ಅಂದುಕೊಂಡಿದ್ದೆ.
ಅಲ್ಲವಂತೆ. ಅಂಚೆಯಲ್ಲಿ ಬಂದವು, ವಂಶಾವಳಿ ಸಮೇತ.
ನಮ್ಮ ಐನ್‌ಮನೆಯಲ್ಲೂ ಯಾರೂ ಇಷ್ಟು
ಕರಾರುವಾಕ್ಕಾಗಿ ಬರೆದಿಟ್ಟಿಲ್ಲ.

ನೋಡಿ, ಎಂದು ಮೈಮೂನಾ ಮೇಡಂ ಸರಿದು ಜಾಗ ಕೊಟ್ಟರು.
ಮಸೂರದಡಿ ಒಂದರ ಕಣ್ಣು ಕೆಂಪು,
ಹೆಂಚು ಹೊದಿಸಿದ ಹಾಗೆ ಸಾಲು ಸಾಲು.
ಇನ್ನೊಂದರದು ಆನೆ ತುಳಿದ ಗದ್ದೆ.
ಒಳಗೊಂದು ಪ್ರೋಟೀನು ಮಡಿಕೆ ತಪ್ಪಿದೆ, ಅಷ್ಟೇ.

ಮಡಿಕೆ ನನಗೆ ಗೊತ್ತು.
ನಾವು ನಿರಿಗೆಯನ್ನು ಬೆನ್ನಿಗೆ ಸಿಕ್ಕಿಸುವವರು,
ಮೇಡಂ ಮುಂದಕ್ಕೆ; ಎರಡೂ ಸೀರೆಯೇ.
ಬಿಚ್ಚಿ ಕಾಲಿಗೆ ತೊಡರಿದ್ದು ಮಾತ್ರ ಬರೀ ಬಟ್ಟೆ,
ಪಕ್ಕದವಳ ಕಾಲಿಗೂ ಸುತ್ತಿಕೊಳ್ಳುತ್ತದೆ.

ಆಮೇಲೆ ಜೀವಕೋಶ ಏನು ಮಾಡುತ್ತದೆ?
ಮೊದಲು ಹೊಸ ಕೆಲಸ ನಿಲ್ಲಿಸುತ್ತದೆ, ಎಂದರು.
ಅಮ್ಮತ್ತಿಯಲ್ಲಿ ಹನ್ನೆರಡು ವರ್ಷ ಕಾಫಿ ಕಣ ಕಾದವಳು ನಾನು.
ಜನವರಿಯಲ್ಲಿ ಮೋಡ ಕವಿದು
ಹಣ್ಣು ಒಣಗದೆ ರಾಶಿ ಬಿದ್ದರೆ
ರೈಟರು ಸೀಟಿ ಊದುತ್ತಿದ್ದರು: ಕೊಯ್ಲು ನಿಲ್ಲಿಸಿ!
ಇದ್ದದ್ದನ್ನು ಹರವು, ಬೂಷ್ಟು ಹಿಡಿದದ್ದು ಆರಿಸಿ ಎಸೆ,
ಕೈ ಸಾಲದಿದ್ದರೆ ಪಕ್ಕದ ಲೈನಿನಿಂದ ಕರೆ.
ಅದೂ ಆಗದಿದ್ದರೆ? ಈಗ ಕೇಳಿದ್ದು ಮೇಡಂ.
ಕಣಕ್ಕೇ ಬೀಗ, ಎಂದೆ.
ಅವರು ಬಹಳ ಹೊತ್ತು ಏನೂ ಬರೆಯಲಿಲ್ಲ.

ಮಧ್ಯಾಹ್ನ ಏರುವ ಪರೀಕ್ಷೆ.
ಸೀಸೆಯನ್ನು ಮೇಜಿಗೆ ತಟ್ಟಿದರೆ ಇಪ್ಪತ್ತೂ ತಳಕ್ಕೆ;
ಹತ್ತು ಎಣಿಸುವಷ್ಟರಲ್ಲಿ ಗೆರೆ ದಾಟಿದವು ಎಷ್ಟು?
ಹದಿನಾಲ್ಕು ದಾಟಿದವು. ಐದು ಅರ್ಧದಲ್ಲೇ ಜಾರಿದವು.
ಒಂದು, ಒರಟು ಕಣ್ಣಿನದು,
ಗಾಜನ್ನು ಕಾಲಿಂದ ಮುಟ್ಟಿ ಮುಟ್ಟಿ ನೋಡಿ
ಬರುತ್ತಲೇ ಇತ್ತು,
ಗೆರೆಗೆ ಒಂದು ಸಾಸಿವೆಯಷ್ಟು ಕೆಳಗೆ.

ಒಂಬತ್ತು, ಎಂದೆ.
ಆಮೇಲೆ ಹತ್ತು ಅನ್ನಬೇಕಾದಲ್ಲಿ
ಹತ್ತು, ಹತ್ತು ಎಂದೆ,
ಮಗುವಿಗೆ ಮೆಟ್ಟಿಲು ತೋರಿಸುವವಳ ಹಾಗೆ.

ಮೇಡಂ ಪುಸ್ತಕದಿಂದ ತಲೆ ಎತ್ತಲಿಲ್ಲ.
ಇನ್ನೊಮ್ಮೆ ಬಾಚಮ್ಮ,
ಗಡಿಯಾರ ಇಟ್ಟುಕೊಂಡು.