ಆರನೇ ಗೂಡಿನ ಲೆಕ್ಕ

ಹೆಸರು ಇಡಬ್ಯಾಡ ಅಂದಿದ್ದ ಚಿತ್ತಾಪುರದ ಭೀಮಶಾ,
ಮೊಲ ಮಾರುವಾಗ. ಹೆಸರಿಟ್ಟರ ಕೈ ನಡಗ್ತದ.
ಅದಕ್ಕ ನಂಬರು. ಆರು ಅಂದ್ರ ಬೂದಿ ಬಣ್ಣದಕಿ,
ಎಡಗಿವಿ ಒಂದೀಟು ಹರದದ್ದು.

ಇನ್ನೊಂದು ಮಾತೂ ಹೇಳಿದ್ದ, ರೊಕ್ಕ ಎಣಸಕೋತ:
ಮೊದಲ ಸೂಲು ಕಳಕೊಂಡ್ರ ಮಾಫ್ ಮಾಡು.
ಎರಡನೇದಕ್ಕ ನಿನ್ನ ತಪ್ಪು ಹುಡುಕು.
ಮೂರನೇದಕ್ಕ ನನಗ ಫೋನ್ ಹಚ್ಚು,
ಚೂರಿ ನಾ ತರ್ತೀನಿ.

ಮೊದಲನೇದು ಪುಷ್ಯದ ಥಂಡಿಯೊಳಗ.
ಡಬ್ಬಿಯೊಳಗ ತೊಗರಿ ಹೊಟ್ಟು ಹಾಸಿದ್ದೆ,
ಆಕಿ ಜಾಳಿಗಿ ಮ್ಯಾಲ ಈದಳು.
ಒಂಬತ್ತು. ಬೆರಳಿನಷ್ಟು, ಕೂದಲಿಲ್ಲದ್ದು,
ಕೆಳಗಿನ ಫರಸಿ ಮ್ಯಾಲ ಒಂದೊಂದೇ ಬಿದ್ದಿದ್ದವು.
ನನಗಿಂತ ಮೊದಲು ಇರುವಿ ಬಂದಿದ್ದವು.
ಮಗಳ ಹಳೇ ಗಣಿತದ ನೋಟ್‌ಬುಕ್ಕಿನಾಗ ಬರದೆ:
ಹುಟ್ಟಿದ್ದು ೯. ಉಳಿದಿದ್ದು ೦. ಕಾರಣ: ಹೊಸಬಳು.

ಎರಡನೇದಕ್ಕ ಆಕಿ ಕಲ್ತಿದ್ದಳು.
ಎದಿ ಕೂದಲು ಹಲ್ಲಿಲೆ ಕಿತ್ತು ಕಿತ್ತು
ಡಬ್ಬಿ ತುಂಬ ಹಾಸಿದ್ದಳು, ತನ್ನ ಚರ್ಮ ಕಾಣೋ ತನಕ.
ಮನಿ ಮಂದೆಲ್ಲ ಆಳಂದಕ್ಕ ಹೋಗಿದ್ದೆವು, ಷಡ್ಡಕನ ಮಗನ ಮದುವಿ.
ಮರುದಿನ ಸಂಜಿಗೆ ಬಂದು ನೋಡಿದರ
ಏಳರೊಳಗ ಮೂರು ಇರಲೇ ಇಲ್ಲ,
ನಾಕಕ್ಕ ಕಿವಿ ಇರಲಿಲ್ಲ.
ತಿಂದಾಳ ಪಾಪಿ, ಅಂದೆ.
ನೀರಿನ ಬಟ್ಟಲು ಒಣಗಿ, ಅಂಚಿನ್ಯಾಗ
ಸುಣ್ಣದ ಗೆರಿ ಉಳದಿತ್ತು. ಅದನ್ನೂ ನೋಡಿದೆ.
ಹುಟ್ಟಿದ್ದು ೭. ಉಳಿದಿದ್ದು ೦. ಕಾರಣದ ಮುಂದ
ಪೆನ್ನು ಇಟ್ಟು, ಎತ್ತಿ, ಜೇಬಿಗೆ ಹಾಕ್ಕೊಂಡೆ.

ವಾಡಿಯಾಗ ರೈಲು ಹಗಲಿ ರಾತ್ರಿ ಹಾಯ್ತಾವ,
ಅದಕ್ಕ ಮೊಲ ಕಿವಿ ಸೈತ ಎತ್ತೂದಿಲ್ಲ.
ಗಣಿಯೊಳಗ ಬಾರು ಹಾರಿಸಿದ್ರ ಮಾತ್ರ ಬ್ಯಾರೆ.
ಶ್ರಾವಣದ ಜಿಟಿಜಿಟಿ ಮಳಿ, ಮೂರನೇ ಸೂಲಿನ ಎರಡನೇ ದಿನ,
ನೆಲ ಒಮ್ಮೆ ನಡಗಿತು. ಆಕಿ ಡಬ್ಬಿಯೊಳಗ ಹಾರಿ
ಹಿಂಗಾಲು ಬಡದಳು. ಮತ್ತ ಬಡದಳು.
ಎಂಟು.

ನಾ ಪ್ಲಾಸ್ಟಿಕ್ ಚೀಲ ಹುಡುಕ್ಲಿಕ್ಕೆ ಹೋದೆ.
ಹೊಳ್ಳಿ ಬಂದ್ರ ಸುಗಲಾಬಾಯಿ ಒಂದನ್ನ ಕೈಯಾಗ ಹಿಡದು ನಿಂತಾಳ.
ತಣ್ಣಗ ಆಗ್ಯದ, ಬಿಡು, ಅಂದೆ.
ತಣ್ಣಗಿದ್ದದ್ದೆಲ್ಲ ಸತ್ತದ್ದಲ್ಲ, ಅಂದಳು,
ಬೆಚ್ಚಗ ಮಾಡಿದ ಮ್ಯಾಲೂ ಸತ್ತಿದ್ರ ಆಗ ಸತ್ತಂಗ.
ಕುಪ್ಪಸದೊಳಗ ಇಟಗೊಂಡು ರೊಟ್ಟಿ ಬಡೀಲಿಕ್ಕೆ ಕುಂತಳು.
ಆರು ರೊಟ್ಟಿ. ಏಳನೇದಕ್ಕ ಕೈ ನಿಲ್ಲಿಸಿ
ಎದಿ ಕಡೆ ನೋಡಿ ನಕ್ಕಳು, ಕಚಗುಳಿ ಆದಂಗ.

ಎರಡನೇ ನಂಬರಿನ ಗೂಡಿಗೆ ಬಿಡೂಕಿಂತ ಮೊದಲು
ಅಲ್ಲಿಯ ಹೊಟ್ಟು, ಅಲ್ಲಿಯ ಉಚ್ಚಿ ಅದರ ಮೈಗೆಲ್ಲ ತಿಕ್ಕಿದಳು.
ವಾಸನಿ ಬದಲಾತು. ತಾಯಿ ಬದಲಾದಳು.

ಆರನೇದಕಿ ಇನ್ನೂ ಕೂದಲು ಕೀಳ್ತಾಳ,
ಖಾಲಿ ಡಬ್ಬಿಗೆ.
ಆರಿಸಿ ಆರಿಸಿ ಬಿಸ್ಕಿಟ್ ಡಬ್ಬಿಯೊಳಗ ತುಂಬಿಡ್ತೀವಿ,
ಮುಂದ ಯಾವುದಕ್ಕರ ಬೇಕಾಗ್ತದ.

ಭೀಮಶಾ ತಾನೇ ಫೋನ್ ಮಾಡಿದ್ದ. ಶುಕ್ರವಾರ ಬರ್ತಾನಂತ.
ರಾತ್ರಿ ನೋಟ್‌ಬುಕ್ ತೆರದು, ಹಿಂದಿನ ಹಾಳಿಗೆ ಹೋಗಿ,
ಕಾರಣ: ನೀರು ಇರಲಿಲ್ಲ, ಅಂತ ಬರದೆ.
ಮುಂದಿನ ಹಾಳಿ: ಹುಟ್ಟಿದ್ದು ೮. ಉಳಿದಿದ್ದು ೧,
ಬ್ಯಾರೆಯವರ ಮನಿಯಾಗ.
ಹಂಗಾದ್ರ ಆಕಿ ಕಳಕೊಂಡಿದ್ದು ಎಷ್ಟು ಸಲ?
ಭೀಮಶಾಗ ಲೆಕ್ಕ ಛೊಲೊ ಬರ್ತದ, ಕೇಳಬೇಕು.
ಎದ್ದು ಹೋಗಿ ಆರನೇ ಬಟ್ಟಲಿಗೆ ನೀರು ಹಾಕಿದೆ.
ಕತ್ತಲಿ, ಅಂದಾಜು ತಪ್ಪಿ ತುಳಕಿತು.