ಖಾಲಿ ಸಾಲು

ದಕ್ಕೆಯ ಐಸ್ ಫ್ಯಾಕ್ಟರಿಯ ಮಹಡಿಯಲ್ಲಿ ನನ್ನ ಮೇಜು.
ಕಿಟಕಿಯಾಚೆ ಬೆಂಗ್ರೆಗೆ ದಾಟುವ ದೋಣಿ.
ನಾಲ್ಕು ಗಂಟೆಗೇ ತೂಕದ ಚೀಟಿಗಳು ಬರತೊಡಗುತ್ತವೆ:
ಬಂಗುಡೆ ಇಷ್ಟು, ಬೂತಾಯಿ ಇಷ್ಟು, ಅಂಜಲ್ ಎರಡೇ.
ಒಂದೊಂದಕ್ಕೂ ಸಹಿ ಹಾಕುವುದು ನನ್ನ ಸ್ಕ್ರಿಪ್ಟು,
ನಲವತ್ತೊಂದು ಸಾಲು,
ಅದರಲ್ಲಿ ಒಂಬತ್ತು ಬರೀ ಟಿಪ್ಪಣಿ.

ಮೊದಲು ಚೀಟಿಯನ್ನು ನುಣ್ಣಗೆ ಕಡೆಯಬೇಕು,
ಮೆಣಸು ಯಾವುದು ಹುಳಿ ಯಾವುದೆಂದು
ಮತ್ತೆ ಹೆಕ್ಕಲಾಗದ ಹಾಗೆ.
ಸಿಗುವುದು ಅರವತ್ತನಾಲ್ಕು ಅಕ್ಷರ,
ಚೀಟಿ ಉದ್ದವಿರಲಿ ಗಿಡ್ಡವಿರಲಿ, ಅಷ್ಟೇ.
ಅದರ ಮೇಲೆ ಗುಟ್ಟಿನ ಕೀಲಿ.
ಕೀಲಿಯ ಜೋಡಿ ಎಲ್ಲರ ಫೋನಿನಲ್ಲುಂಟು,
ಚಾದ ಅಂಗಡಿಯ ಗೋಡೆಗೂ ಅಂಟಿಸಿದ್ದೇನೆ.
ಅದರಿಂದ ಸಹಿ ನೋಡಬಹುದು, ಹಾಕಲಾಗದು.

ಐವತ್ತೆರಡು ವರ್ಷ ತೂಕ ಬರೆದ ಇದ್ದಿನಬ್ಬ
ಇದನ್ನು ಕೇಳಿ ನಕ್ಕಿದ್ದರು:
"ನಾವು ಬೈರಾಸಿನಡಿ ಬೆರಳು ಹಿಡಿದು ದರ ಹೇಳುತ್ತಿದ್ದೆವು.
ಬೈರಾಸು ಮಾತ್ರ ಊರಿಗೇ ಕಾಣುತ್ತಿತ್ತು."

ಮಂಗಳವಾರ ಶೀನ ಕರ್ಕೇರರ ಚೀಟಿಗೆ
ಪರದೆಯಲ್ಲಿ ಒಂದೇ ಪದ ಬಂತು: ಫಾಲ್ಸ್.
ಎಲ್ಲಿ, ಎಷ್ಟು, ಯಾರು,
ಯಾವುದನ್ನೂ ಅದು ಹೇಳುವುದಿಲ್ಲ,
ಮದುವೆಮನೆಯಲ್ಲಿ ಮುಖ ತಿರುಗಿಸಿದ ಅತ್ತಿಗೆಯ ಹಾಗೆ.

ಕೆಳಗೆ ಗುಂಪು ಸೇರಿತು.
ಒಂಬೈನೂರ ನಲವತ್ತು ಕಿಲೊವನ್ನು
ಎಂಟುನೂರ ನಲವತ್ತು ಮಾಡಲು ಎಷ್ಟು ಹೊತ್ತು ಬೇಕು,
ಎಂದರು ಬೋಟಿನವರು.
ಏಜೆಂಟು ಮಗಳ ತಲೆಯ ಮೇಲೆ ಆಣೆ ಇಟ್ಟ.
ಮಗಳು ಶಾಲೆಯಲ್ಲಿದ್ದಳು.

ಮೂಲದ ಪಕ್ಕ ಇಟ್ಟು ನೋಡಿದೆ.
ಎಂಟುನೂರ ನಲವತ್ತು ಅಲ್ಲೂ ಅದೇ.
ಹೆಸರು ಸರಿ, ಬೋಟಿನ ನಂಬರು ಸರಿ, ತಾರೀಕು.
ಬೈಟು ಬೈಟು ಎಣಿಸಿದೆ: ಒಂದು ಹೆಚ್ಚು.
ಯಾರೋ ಫೋನಿನಲ್ಲಿ ತೆರೆದು ಉಳಿಸುವಾಗ
ಬಾಲಕ್ಕೆ ಅಂಟಿಕೊಂಡ ಖಾಲಿ ಸಾಲು.
ಏನೂ ಬರೆಯದ ಸಾಲು.
ಅಷ್ಟಕ್ಕೇ ಸಹಿ ಒಡೆದಿತ್ತು.

"ಏನೂ ಇಲ್ಲದ್ದಕ್ಕೆ ಇಷ್ಟು ಗಲಾಟೆ," ಎಂದೆ.
ಈ ಸಲ ಇದ್ದಿನಬ್ಬ ನಗಲಿಲ್ಲ.
ಉಪ್ಪುಗಾಳಿಗೆ ಉಬ್ಬಿದ ಹಳೆಯ ಪುಸ್ತಕ ತೆಗೆದು
ಪುಟ ಪುಟ ಮಗುಚಿದರು.
ಮೊತ್ತದ ಕೆಳಗೆ ಉಳಿದ ಬಿಳಿಯ ಮೇಲೆ
ಮೂಲೆಯಿಂದ ಮೂಲೆಗೆ ಒಂದು ಓರೆ ಗೆರೆ,
ಎಲ್ಲ ಪುಟದಲ್ಲೂ.
"ಎಂತ ಮಾರಾಯ್ತಿ, ಬರೆದದ್ದನ್ನು ತಿದ್ದಿದರೆ ಗೊತ್ತಾಗ್ತದೆ.
ಖಾಲಿ ಬಿಟ್ಟಲ್ಲಿ ಯಾರು ಬೇಕಾದರೂ ಬಂದು ಕೂರ್ತಾರೆ."

ಬಾಲದ ಖಾಲಿಯನ್ನು ತಾನಾಗಿ ಕತ್ತರಿಸುವ
ಒಂದು ಆಜ್ಞೆ ಬರೆಯಬಹುದಿತ್ತು.
ಬರೆಯಲಿಲ್ಲ.
ಹತ್ತನೆಯ ಟಿಪ್ಪಣಿ ಬರೆದೆ: ಇಲ್ಲಿ ಗೆರೆ ಉಂಟು.

ಆ ಸಾಲು ಅಳಿಸಿ ಮತ್ತೆ ಕೇಳಿದೆ. ಟ್ರೂ, ಎಂದಿತು.
ಕರ್ಕೇರರು ದುಡ್ಡು ಎಣಿಸಿಕೊಂಡು ಹೋದರು.
ಆ ಎಂಟುನೂರ ನಲವತ್ತರಲ್ಲಿ
ಬಂಗುಡೆ ಎಷ್ಟು, ಮಂಜು ಎಷ್ಟು,
ನನ್ನ ಸ್ಕ್ರಿಪ್ಟಿಗೆ ಗೊತ್ತಿಲ್ಲ.
ಅಷ್ಟರಲ್ಲಿ ಅದು ಕರಗಿ
ಮೆಟ್ಟಲಿಳಿದು ಹೊಳೆಗೆ ಸೇರಿತ್ತು.