ಅನುಕ್ರಮ ಸಂಖ್ಯೆ ಇಪ್ಪತ್ತೇಳು

ನೋವಿಲ್ಲದವರೇ ಬೇಕಿತ್ತು ನಮಗೆ.
ಕೋಡಿಬಾಗದ ಜಿಮ್ಮಿನ ಗೋಡೆಗೆ, ಕಾಲೇಜಿನ ಫಲಕಕ್ಕೆ,
ಬೈತಖೋಲದ ಐಸ್ ಕಾರ್ಖಾನೆಯ ಬಾಗಿಲಿಗೆ
ನಾನೇ ಅಂಟಿಸಿ ಬಂದಿದ್ದೆ ಚೀಟಿ:
ಹದಿನೆಂಟರಿಂದ ಮೂವತ್ತು, ಸೊಂಟ ಎಂದೂ ನೋಯದವರು,
ಬಸ್ಸಿನ ಖರ್ಚು ಕೊಡಲಾಗುವುದು.
"ಏನೂ ಆಗದವರನ್ನ ಆಸ್ಪತ್ರೆಗೆ ಕರೀತೀರಲ್ಲ ಅಕ್ಕೋರೆ,"
ಐಸು ಒಡೆಯುವವ ನಕ್ಕ,
"ಉಂಡವರಿಗೇ ಎಲೆ ಹಾಕಿದ ಹಾಗೆ."

ಬಂದರು.
ಪೊಲೀಸ್ ಭರ್ತಿಗೆಂದು ನಸುಕಿನಲ್ಲಿ ದಂಡೆಯುದ್ದ ಓಡುವ ಹುಡುಗಿಯರು
ಮೀನಖಂಡಕ್ಕೆ ಮರಳು ಮೆತ್ತಿಕೊಂಡೇ.
ವಾಲಿಬಾಲಿನವರು.
ಕಾಳಿಯ ಅಳಿವೆಯಲ್ಲಿ ಇಳಿತದ ಹೊತ್ತು ನೋಡಿ
ಕುಕ್ಕರಗಾಲಲ್ಲಿ ಕೂತು ಬೆಳಚು ಹೆಕ್ಕುವ ಸುಗಂಧಾ.
ಸರ, ಉಂಗುರ, ಉಡಿದಾರದ ತಾಯಿತ ಬಟ್ಟಲಿಗೆ ಹಾಕಿಸಿದೆ.
ಮೈಯೊಳಗೆ ಕಬ್ಬಿಣ ಇದೆಯಾ? ಚುಚ್ಚಿ ಮುರಿದ ಗಾಳದ ತುದಿ?
ಎರಡನೆಯ ಪ್ರಶ್ನೆ ಫಾರ್ಮಿನಲ್ಲಿಲ್ಲ,
ಈ ಊರಿಗೆಂದು ನಾನು ಸೇರಿಸಿದ್ದು.

ಪರದೆಯ ಮೇಲೆ ಸೊಂಟವೆಂದರೆ
ಬಟ್ಟಲಲ್ಲಿ ಕೂತ ಗುಂಡು. ಎರಡರ ನಡುವೆ
ಎಳನೀರಿನ ಗಂಜಿಯಷ್ಟು ತೆಳ್ಳಗೆ ಬೂದುಪದರ.
ರಕ್ತ ಹರಿಯುವುದಿಲ್ಲ ಅದರಲ್ಲಿ, ನರವಿಲ್ಲ.
ಸೀಳಿದರೆ ದೂರು ಕೊಡಲು ಯಾರೂ ಇಲ್ಲ ಅದರ ಕಡೆಯಿಂದ.

ಇಪ್ಪತ್ತೇಳನೆಯವನು ಪ್ರಥಮೇಶ ತಾಂಡೇಲ.
ಇಪ್ಪತ್ತಮೂರು. ಪರ್ಸೀನ್ ಬೋಟಿನಲ್ಲಿ ಬಲೆ ಎಳೆಯುವವ,
ಕಬಡ್ಡಿಯಲ್ಲಿ ರೇಡರ್.
ಮೀನು ವಾಸನೆ ಬರ್ತದಾ ಅಂದ, ನಾಚಿಕೊಂಡು.
ಬರುತ್ತಿತ್ತು. ಇಲ್ಲ ಅಂದೆ.

ಬಲಸೊಂಟ, ಮುಂಭಾಗ, ಮೇಲಂಚು.
ಬಿಳಿ ಗೆರೆಯೊಂದು ಪದರದೊಳಗೆ ನುಗ್ಗಿತ್ತು.
ಒಂದೊಂದೇ ಚಿತ್ರ ಸರಿಸುತ್ತ ಹಿಂದೆ ಬಿದ್ದೆ,
ಹನ್ನೊಂದರಲ್ಲೂ ಇತ್ತು.
ಅಲುಗಿದ್ದಾನೇನೋ ಎಂದು ಇನ್ನೊಮ್ಮೆ ತೆಗೆದೆ.
ಅಲುಗಿರಲಿಲ್ಲ.
"ನೋವೇನಾದರೂ?" ಕೇಳಲೇಬೇಕು, ನಿಯಮ.
"ಏನಿಲ್ಲ ಅಕ್ಕೋರೆ, ಅಷ್ಟು ಗದ್ದಲದಲ್ಲೂ ನಿದ್ದೆ ಬಂತು."
ಬಲಗಾಲೊಂದರ ಮೇಲೆ ನಿಂತು
ಎಡದ ಬೂಟಿನ ದಾರ ಕಟ್ಟಿಕೊಂಡ, ಗೋಡೆ ಹಿಡಿಯದೆ.

ಸಂಜೆ ಶೇಜವಾಡಕರ ಮೇಡಂ ಎಣಿಸುತ್ತಿದ್ದರು,
ಅರವತ್ತರಲ್ಲಿ ಹತ್ತೊಂಬತ್ತು.
ನಾನಂದೆ, ಕಾಳಿಯ ಹಳೇ ಸೇತುವೆಯೂ ಹೀಗೇ ಇತ್ತಲ್ಲ.
ಸಂಜೆ ಸ್ಕೂಟಿಯಲ್ಲಿ ದಾಟಿ ಮನೆಗೆ ಹೋಗಿದ್ದೆ,
ರಾತ್ರಿ ಬಿತ್ತು.
ಕನ್ನಡಕ ತೆಗೆದರು ಅವರು. "ಸೇತುವೆ ಮಾತು ಬೇಡ.
ಸಿಮೆಂಟು ಏನೂ ಕಲಿಯೋದಿಲ್ಲ, ಮೈ ಕಲೀತದೆ.
ಇದೇ ಗೆರೆ ಹೊತ್ತು ಎಂಬತ್ತರ ತನಕ
ಪೇಟೆಯಲ್ಲಿ ಮೀನು ಮಾರಿದವರು ಎಷ್ಟಿಲ್ಲ?
ನೋಯದವರಲ್ಲೇ ಇದು ಇಷ್ಟು ಸಿಕ್ಕರೆ
ನೋಯುವವರಲ್ಲಿ ಕಂಡ ಕೂಡಲೇ
ಕಳ್ಳ ಸಿಕ್ಕ ಅಂತ ಕತ್ತಿ ಹಿಡಿಯೋದು ಹೇಗೆ?"

ಹಾಗಾದರೆ ಗಾಯವೋ ಇದು, ಸವೆತವೋ,
ಅಂಗೈಯ ರೇಖೆಯ ಹಾಗೆ ಬರೀ ಇರುವಂಥದ್ದೋ?
ಮೇಡಂ ತಣ್ಣಗಾದ ಚಹಾ ಎತ್ತಿ ಕುಡಿದರು.
ಗೊತ್ತಿದ್ದರೆ ಹೇಳುತ್ತಿದ್ದರು.

ಭಾನುವಾರ ಬಂದರಿನಲ್ಲಿ
ಬೋಟಿನಿಂದ ಧಕ್ಕೆಗೆ ಹಾರಿದ, ತಲೆಯ ಮೇಲೆ ಬುಟ್ಟಿ.
ಬಲಗಾಲೇ ಮೊದಲು ಊರಿತು.
ನನ್ನ ಹಲ್ಲಿನೊಳಗೆ ಏನೋ ಕಟಕ್ಕೆಂದಿತು, ಅವನಿಗಲ್ಲ.
"ಅಕ್ಕೋರೆ, ನನ್ನ ಫೋಟೋ ಚೆಂದ ಬಂತಾ?"
ಕಾಗದ ಅಂಚೆಯಲ್ಲಿ ಹೋಗುತ್ತದೆ, ಮೇಡಂ ಬರೆದದ್ದು.
ಹೇಳುವ ಹಕ್ಕು ನನ್ನದಲ್ಲ.
"ನೀನು ಅಲುಗಲಿಲ್ಲ, ಚೆಂದ ಬಂದಿದೆ."
ಬೇಡವೆಂದರೂ ಆರು ಬಂಗಡೆ ಚೀಲಕ್ಕೆ ಹಾಕಿದ.

ಮನೆಯಲ್ಲಿ ಈಳಿಗೆಯ ಮುಂದೆ
ಕುಕ್ಕರಗಾಲಲ್ಲಿ ಕೂತೆ.
ಒಂದರ ತಲೆ ಕೊಯ್ದೆ. ತಡೆದೆ.
ಬಲಸೊಂಟ ಏನೂ ಹೇಳಲಿಲ್ಲ.
ಎಡದ್ದೂ.
ಇನ್ನೂ ಐದು ಮೀನಿತ್ತು.